ಜೋಸೆಫ್ ಲೂಕಾಸ್

ಜೋಸೆಫ್ ಲೂಕಾಸ್ (1834–1902) ಇಂಗ್ಲೆಂಡಿನ ದೀಪೋದ್ಯಮಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಿಸಿದರು. ಉದ್ಯೋಗವಿಲ್ಲದೆ, ಆರು ಮಕ್ಕಳ ಸಂಸಾರ ಸಾಕಲು ಹಾಕ್ಲಿಯ ಬೀದಿಗಳಲ್ಲಿ ತಳ್ಳುಗಾಡಿಯಿಂದ ಸೀಮೆಎಣ್ಣೆ ಮಾರಿದರು. ಎಣ್ಣೆ ಕೊಂಡವರಿಗೆ ದೀಪವೂ ಬೇಕಷ್ಟೆ. 1860ರಲ್ಲಿ ಸ್ವಂತ ಉದ್ಯಮ ಸ್ಥಾಪಿಸಿದರು. ಬಕೆಟ್ಟು, ಹಡಗಿನ ದೀಪಗಳ ಬಳಿಕ, ಎತ್ತರದ ಚಕ್ರದ ಬೈಸಿಕಲ್ಲಿನ ಗುಂಬಕ್ಕೆ ತೂಗುಹಾಕುವ 'ಕಿಂಗ್ ಆಫ್ ದಿ ರೋಡ್' ಎಣ್ಣೆದೀಪ ಅವರಿಗೆ ಹೆಸರು ತಂದಿತು. ಮಗ ಹ್ಯಾರಿ ಪಾಲುದಾರನಾದನು.

ಮದ್ಯವನ್ನು ಮುಟ್ಟದ ಲೂಕಾಸ್, ನೇಪಲ್ಸ್‌ನಲ್ಲಿ ವಿಷಮಶೀತಜ್ವರದಿಂದ ನಿಧನರಾದರು. ಇಂದು ಹಳೆಯ ಕಾರುಗಳ ಅಭಿಮಾನಿಗಳು ಹುಡುಕುವ ಮಂಜುದೀಪಗಳನ್ನು ಅವರು ಕಾಣಲೇ ಇಲ್ಲ. ಸಂಸ್ಥೆಯ ಎಸ್‌ಎಫ್‌ಟಿ 576 ಮಂಜಿಗೆ, ಎಸ್‌ಎಲ್‌ಆರ್ 576 ದೂರದ ಬೆಳಕಿಗೆ; ಹೊರನೋಟಕ್ಕೆ ಹೋಲುವುದರಿಂದ ಗಾಜಿನ ಗೆರೆಗಳನ್ನು ನೋಡಿಯೇ ಗುರುತಿಸಬೇಕು. ಮಂಜುದೀಪವನ್ನು ತಗ್ಗಿನಲ್ಲಿ ಕೂರಿಸುತ್ತಾರೆ. ಎತ್ತರದಲ್ಲಿದ್ದರೆ ಬೆಳಕು ಮಂಜಿಗೆ ತಾಗಿ ಚಾಲಕನ ಕಣ್ಣಿಗೇ ಮರಳುತ್ತದೆ.