ನಷ್ಟದ ಕಾರ್ಖಾನೆಗೆ ಬಾಗಿಲು ಹಾಕಲು ಬಿಡದ ಸರ್ ಎಂವಿ

ಭದ್ರಾವತಿ: ಸೆಪ್ಟೆಂಬರ್ 15 ಬಂತಂದ್ರೆ ಶಿವಮೊಗ್ಗ, ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಬೀಳುತ್ತೆ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತೆ, ಶಿಸ್ತು ಬರುತ್ತೆ. ಆದ್ರೆ ನಮ್ಮೂರಿನ ಕಬ್ಬಿಣದ ಕಾರ್ಖಾನೆ ಉಳಿಸಲು 1923ರಿಂದ 1929ರವರೆಗೆ ಅವರು ಪಟ್ಟ ಪಾಡಿನ ಬಗ್ಗೆ ಮಾತಾಡೋರು ಕಡಿಮೆ. ಅಂಗಡಿ, ವ್ಯಾಪಾರ ನಡೆಸುವವರು ತಿಳಿದಿರಬೇಕಾದ ಕಥೆ ಇದು.

ಮುದ್ದೇನಹಳ್ಳಿ ಹುಡುಗ

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯವರು ವಿಶ್ವೇಶ್ವರಯ್ಯ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

1898ರಲ್ಲಿ ಜಪಾನ್‌ಗೆ ಹೋದಾಗ ಅಲ್ಲಿನ ಕೈಗಾರಿಕೆಗಳನ್ನು ಕಣ್ಣಾರೆ ಕಂಡರು. ಬರೀ ಬೇಸಾಯ ನಂಬಿಕೊಂಡರೆ ದೇಶ ಮುಂದೆ ಬರಲ್ಲ ಅನ್ನೋ ನಂಬಿಕೆ ಅವರಲ್ಲಿ ಗಟ್ಟಿಯಾಯಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು ಅವರ ದಿವಾನಗಿರಿಯಲ್ಲೇ.

ಬೆಂಕಿಪುರವೇ ಯಾಕೆ?

ಭದ್ರಾವತಿಗೆ ಆಗ ಬೆಂಕಿಪುರ ಅಂತ ಹೆಸರು. ಕಬ್ಬಿಣದ ಅದಿರು ಕೆಮ್ಮಣ್ಣುಗುಂಡಿಯಲ್ಲಿ ಇತ್ತು. ಭದ್ರಾ ಹೊಳೆಯ ನೀರು ಪಕ್ಕದಲ್ಲೇ ಇತ್ತು. ಬೀರೂರು–ಶಿವಮೊಗ್ಗ ರೈಲು ದಾರಿಯೂ ಇತ್ತು. ಇಲ್ಲದಿದ್ದದ್ದು ಕಲ್ಲಿದ್ದಲು ಮಾತ್ರ. ಅದನ್ನ ದೂರದ ಬಂಗಾಳ, ಬಿಹಾರದ ಕಡೆಯಿಂದ ತರಿಸಿದ್ರೆ ಖರ್ಚು ಗಿಟ್ಟೋದಿಲ್ಲ. ಹಾಗಾಗಿ ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ ಕುಲುಮೆ ಉರಿಸೋ ಯೋಜನೆ ಸಿದ್ಧವಾಯಿತು. ಮರ ಸುಡುವಾಗ ಬರೋ ಹೊಗೆಯನ್ನೂ ವ್ಯರ್ಥ ಮಾಡದೆ, ಅದರಿಂದ ಟಾರು, ಸ್ಪಿರಿಟ್ಟು ತೆಗೆದು ಮಾರಬೇಕು ಅನ್ನೋದು ಲೆಕ್ಕಾಚಾರ. ಇದಕ್ಕೆ ಕಾಡು ತೆತ್ತ ಬೆಲೆಯನ್ನೂ ನಾವು ಮರೆಯಬಾರದು.

ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟರು. 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಹುಟ್ಟಿತು. ಅದೇ ವರ್ಷದ ಕೊನೆಗೆ, ಸರ್ಕಾರಿ ಕೆಲಸದಲ್ಲಿ ಹಿಂದುಳಿದ ಸಮುದಾಯಗಳಿಗೆ ಮೀಸಲಾತಿ ಕೊಡುವ ವಿಚಾರದಲ್ಲಿ ಮಹಾರಾಜರ ಜೊತೆ ಅಭಿಪ್ರಾಯ ಕೂಡದೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು.

ಕುಲುಮೆ ಹೊತ್ತಿತು, ಬೆಲೆ ಬಿತ್ತು

1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು, ಯುದ್ಧಕಾಲದಲ್ಲಿ ಏರಿದ್ದ ಬೆಲೆಗಳೆಲ್ಲ ಇಳಿದಿದ್ದವು. ಕಬ್ಬಿಣಕ್ಕೂ ಬೆಲೆ ಇಲ್ಲ, ಸ್ಪಿರಿಟ್ಟಿಗೂ ಬೆಲೆ ಇಲ್ಲ. ಕಟ್ಟೋ ಖರ್ಚು ಮಾತ್ರ ಅಂದಾಜು ಮೀರಿ ಹೋಗಿತ್ತು. ಬಿಳಿಯಾನೆ ಸಾಕಿದ ಹಾಗಾಯ್ತು ಅಂತ ಟೀಕೆ ಶುರುವಾಯಿತು. ಆಗ ಸರ್ಕಾರ ಮತ್ತೆ ಕರೆದಿದ್ದು ವಿಶ್ವೇಶ್ವರಯ್ಯನವರನ್ನೇ.

ಅರವತ್ತು ದಾಟಿದ್ದ ಅವರು ಆಡಳಿತ ಮಂಡಳಿ ಅಧ್ಯಕ್ಷರಾಗಿ ಬಂದರು. ಬಂದವರೇ ಮಾಡಿದ್ದು ಮುಖ್ಯವಾಗಿ ಮೂರು ಕೆಲಸ.

ಒಂದು, ಖರ್ಚಿಗೆ ಕಡಿವಾಣ. ಎಲ್ಲಿ ಸೋರ್ತಿದೆ ಅಂತ ಹುಡುಕಿ ಕಟ್ಟಿದರು.

ಎರಡು, ನಮ್ಮವರ ಮೇಲೆ ನಂಬಿಕೆ. ಹೆಚ್ಚು ಸಂಬಳದ ವಿದೇಶಿ ತಜ್ಞರನ್ನು ಹಂತಹಂತವಾಗಿ ಕಳಿಸಿ, ಇಲ್ಲಿನ ಎಂಜಿನಿಯರುಗಳಿಗೆ ತರಬೇತಿ ಕೊಟ್ಟು ಆ ಜಾಗದಲ್ಲಿ ಕೂರಿಸಿದರು.

ಮೂರು, ಮಾರೋ ಸರಕನ್ನೇ ಬದಲಾಯಿಸಿದ್ದು. ಗಟ್ಟಿ ಕಬ್ಬಿಣವನ್ನ ಹಾಗೇ ಮಾರಿದ್ರೆ ಪರಊರಿನ ಮಾರುಕಟ್ಟೆ ಹೇಳಿದ್ದೇ ಬೆಲೆ. ಅದನ್ನೇ ಎರಕ ಹೊಯ್ದು ಪೈಪು ಮಾಡಿದ್ರೆ ನಲ್ಲಿ ನೀರು ಕೊಡೋ ಊರುಗಳೇ ಗಿರಾಕಿ. ಪೈಪ್ ಎರಕದ ವಿಭಾಗ ಬಂದಿದ್ದು ಹೀಗೆ.

ಒಂದೇ ವರ್ಷದಲ್ಲಿ ಪವಾಡ ಆಗಲಿಲ್ಲ. ಆದ್ರೆ 1929ರಲ್ಲಿ ಅವರು ಹೊರಡುವಾಗ ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲೋ ದಾರಿ ಹಿಡಿದಿತ್ತು.

ಸಂಬಳ ಏನಾಯ್ತು?

ಈ ದುಡಿಮೆಗೆ ಸರ್ಕಾರದಿಂದ ಅವರಿಗೆ ಸಲ್ಲಬೇಕಾದ ಹಣ ಲಕ್ಷ ರೂಪಾಯಿ ಮೀರಿತ್ತು. ಅದನ್ನ ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕೆಲಸ ಕಲಿಸೋ ಸಂಸ್ಥೆ ಕಟ್ಟಿ ಅಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಮೂಲ ಅದೇ. ತಮ್ಮ ಹೆಸರು ಇಡೋದೂ ಬೇಡ ಅಂತ ಯುವರಾಜರ ಹೆಸರು ಇಡಿಸಿದರು.

ಆಮೇಲಿನ ಭದ್ರಾವತಿ

ಕಾರ್ಖಾನೆ ಉಳಿದಿದ್ದಕ್ಕೇ ಮುಂದೆ ಉಕ್ಕು ಬಂತು, ಸಿಮೆಂಟು ಬಂತು. 1930ರ ದಶಕದಲ್ಲಿ ಕಾಗದ ಕಾರ್ಖಾನೆಯೂ ಬಂತು. ಕೆಲಸ ಹುಡುಕಿಕೊಂಡು ನಾನಾ ಕಡೆಯಿಂದ ಜನ ಬಂದು ಇಲ್ಲೇ ನೆಲೆಸಿದರು. ಸಂಬಳದ ದಿನ ನಂಬಿಕೊಂಡೇ ಎಷ್ಟೋ ಅಂಗಡಿಗಳು ಬೆಳೆದವು.

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯ 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಮುಂದೆ ಕಾರ್ಖಾನೆಗೆ ಅವರದ್ದೇ ಹೆಸರು ಬಂತು.

ಈಗ ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಕೊಳ್ಳೋರು ಸಿಗದೆ, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವೇ ಆಗಿ, ಕಾರ್ಮಿಕರು ಬೀದಿಗಿಳಿದಿದ್ದನ್ನ ಊರೇ ನೋಡಿದೆ. ನಷ್ಟ ಅನ್ನೋ ಮಾತು ಈ ಕಾರ್ಖಾನೆಗೆ ಹೊಸದಲ್ಲ, ಹುಟ್ಟಿದಾಗಲೇ ಕೇಳಿದ್ದು. ಆವತ್ತು ಅದನ್ನ ಉಳಿಸಿದ್ದು ಬರೀ ಅಭಿಮಾನವೂ ಅಲ್ಲ. ಖರ್ಚಿನ ಲೆಕ್ಕ ಸರಿಮಾಡಿ, ಸ್ಥಳೀಯರನ್ನ ತಯಾರು ಮಾಡಿ, ಗಿರಾಕಿಗೆ ಬೇಕಾದ ಸರಕು ಯಾವುದು ಅಂತ ಹುಡುಕಿದ್ದು. ಸೆಪ್ಟೆಂಬರ್ 15ರ ಭಾಷಣಗಳಲ್ಲಿ ಇನ್ಮುಂದೆ ಈ ಆರು ವರ್ಷದ ಮಾತೂ ಬರಲಿ.