ಫ್ಲೆಮಿಂಗ್ ಓದಿ ಫೇಸ್‌ವಾಶ್ ಬಿಟ್ಟೆ

ಆರನೇ ಸೆಮಿಸ್ಟರ್ ಮುಗಿಯುತ್ತಾ ಬಂದಿತ್ತು. ಕಾಲೇಜಿನ ಕಾರಿಡಾರಿನಲ್ಲೆಲ್ಲ ಪ್ಲೇಸ್‌ಮೆಂಟಿನದೇ ಮಾತು. ಅದೇ ಹೊತ್ತಿಗೆ ನನ್ನ ಮುಖದ ತುಂಬ ಮೊಡವೆ. ಆಪ್ಟಿಟ್ಯೂಡ್ ಪುಸ್ತಕಕ್ಕಿಂತ ಹೆಚ್ಚು ಹೊತ್ತು ಕನ್ನಡಿ ನೋಡುತ್ತಿದ್ದೆ. ಮೊಡವೆ ಅಂದರೆ ಬ್ಯಾಕ್ಟೀರಿಯಾ, ಅದನ್ನು ಕೊಂದರೆ ಕೆಲಸ ಮುಗಿಯಿತು ಎಂದು ಬಿಟಿಎಂ ಲೇಔಟ್‌ನ ಪಿ.ಜಿ.ಯಲ್ಲಿರುವ ಗೆಳೆಯ ತೀರ್ಪು ಕೊಟ್ಟ. ಎಂಜಿನಿಯರಿಂಗ್ ಓದುವವರಿಗೆ ಇಂಥ ಲಾಜಿಕ್ ತಕ್ಷಣ ಹಿಡಿಸಿಬಿಡುತ್ತದೆ. ಕ್ರಿಮಿನಾಶಕ ಫೇಸ್‌ವಾಶ್ ಒಂದನ್ನು ತಂದು ದಿನಕ್ಕೆ ಐದಾರು ಸಲ ಮುಖ ಉಜ್ಜಿದೆ. ಹದಿನೈದು ದಿನದಲ್ಲಿ ಮುಖ ಕೆಂಪಾಗಿ ಉರಿಯತೊಡಗಿತು. ಕೆನ್ನೆಯ ಚರ್ಮ ಸುಲಿಯಿತು. ಮೊಡವೆ ಮಾತ್ರ ಇದ್ದಲ್ಲೇ ಇತ್ತು!

ಬನಶಂಕರಿಯ ನಮ್ಮ ಮನೆಯಿಂದ ಅಮ್ಮ ನನ್ನನ್ನು ಜಯನಗರದ ಚರ್ಮದ ಡಾಕ್ಟರ ಬಳಿ ಎಳೆದೊಯ್ದರು. ಡಾಕ್ಟರು ಮೊದಲು ಫೇಸ್‌ವಾಶ್ ನಿಲ್ಲಿಸಿದರು. ಚರ್ಮಕ್ಕೆ ಅದರದೇ ಕಾವಲುಗಾರರಿದ್ದಾರೆ, ಕಳ್ಳನನ್ನು ಓಡಿಸಲು ಹೋಗಿ ಅವರನ್ನೂ ಓಡಿಸಿದ್ದೀಯ ಎಂದರು. ಅಲೆಕ್ಸಾಂಡರ್ ಫ್ಲೆಮಿಂಗ್ ಯುದ್ಧದಲ್ಲಿ ಏನು ಕಲಿತರೆಂದು ಓದು ಅಂತ ಬಾಗಿಲ ತನಕ ಬಂದು ಹೇಳಿದರು. ಫ್ಲೆಮಿಂಗ್ ಎಂದರೆ ಪೆನ್ಸಿಲಿನ್ ಎಂಬ ಒಂದು ಅಂಕದ ಉತ್ತರ ಬಿಟ್ಟು ನನಗೆ ಬೇರೇನೂ ಗೊತ್ತಿರಲಿಲ್ಲ.

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಡಾರ್ವೆಲ್ ಊರಿನ ಬಳಿಯ ರೈತ ಕುಟುಂಬದಲ್ಲಿ. ಏಳು ವರ್ಷಕ್ಕೆ ಅಪ್ಪ ತೀರಿಕೊಂಡರು. ಹದಿಮೂರರ ಹೊತ್ತಿಗೆ ಹುಡುಗ ಲಂಡನ್ನಿನಲ್ಲಿದ್ದ ಅಣ್ಣಂದಿರ ಮನೆ ಸೇರಿದ. ಓದಿನ ನಂತರ ಹಡಗು ಕಂಪನಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತನಾದ. ಆಮೇಲೆ ಚಿಕ್ಕಪ್ಪನೊಬ್ಬರ ಆಸ್ತಿಯಲ್ಲಿ ಸ್ವಲ್ಪ ಹಣ ಪಾಲಿಗೆ ಬಂತು. ಡಾಕ್ಟರಾಗಿದ್ದ ಅಣ್ಣ ವೈದ್ಯಕೀಯ ಓದು ಎಂದರು. 1901ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯ ಕಾಲೇಜು ಸೇರಿದಾಗ ಅವರಿಗೆ ಇಪ್ಪತ್ತು. ನನ್ನದೇ ವಯಸ್ಸು. ಒಂದು ವರ್ಷ ಗ್ಯಾಪ್ ಬಿದ್ದರೆ ರೆಸ್ಯೂಮೆಯೇ ಹಾಳಾಯಿತೆಂದು ಹೆದರುವ ನಮಗೆ ಈ ಲೆಕ್ಕ ನೆನಪಿರಬೇಕು.

ಓದು ಮುಗಿದ ಮೇಲೂ ಅವರು ಅಲ್ಲೇ ಉಳಿದರು. ಅದಕ್ಕೊಂದು ತಮಾಷೆಯ ಕಾರಣವಿದೆ. ಫ್ಲೆಮಿಂಗ್ ಒಳ್ಳೆಯ ಗುರಿಕಾರ, ಆಸ್ಪತ್ರೆಯ ರೈಫಲ್ ಕ್ಲಬ್ಬಿಗೆ ಅವರನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಹಾಗಾಗಿ ಆಲ್ಮ್ರೋತ್ ರೈಟ್ ಅವರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು.

1914ರಲ್ಲಿ ಮಹಾಯುದ್ಧ ಶುರುವಾದಾಗ ರೈಟ್ ಅವರ ತಂಡ ಫ್ರಾನ್ಸಿನ ಬೊಲೋನ್‌ಗೆ ಹೋಯಿತು. ಅಲ್ಲಿ ಜೂಜಿನ ಕಟ್ಟಡವೊಂದು ಆಸ್ಪತ್ರೆಯಾಗಿತ್ತು. ಗುಂಡು, ಸಿಡಿಗುಂಡಿನ ಚೂರು ಹೊಕ್ಕ ಗಾಯಗಳಿಗೆ ವೈದ್ಯರು ಕಾರ್ಬಾಲಿಕ್ ಆಮ್ಲದಂಥ ಕ್ರಿಮಿನಾಶಕ ಸುರಿಯುತ್ತಿದ್ದರು. ಆದರೂ ಗಾಯ ಕೀವಾಗುತ್ತಿತ್ತು, ಸೈನಿಕರು ಸಾಯುತ್ತಿದ್ದರು. ಫ್ಲೆಮಿಂಗ್ ಗಾಜಿನ ಕೊಳವೆಯನ್ನು ಕಾಯಿಸಿ, ಮುಳ್ಳುಮುಳ್ಳಾಗಿ ಎಳೆದು, ಸಂದುಗೊಂದುಗಳಿರುವ ಗಾಯದ ಮಾಡೆಲ್ ಮಾಡಿದರು. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಕ್ರಿಮಿನಾಶಕ ತುಂಬಿ ನೋಡಿದರು. ಔಷಧಿ ಸಂದಿನ ಒಳಗೆ ತಲುಪಲೇ ಇಲ್ಲ. ಬ್ಯಾಕ್ಟೀರಿಯಾ ಅಲ್ಲಿ ಆರಾಮಾಗಿ ಉಳಿದಿತ್ತು. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿತ್ತು: ಗಾಯಕ್ಕೆ ಕಾವಲು ಬಂದ ಬಿಳಿ ರಕ್ತಕಣಗಳನ್ನು ಆ ಔಷಧಿಗಳು ಬ್ಯಾಕ್ಟೀರಿಯಾಗಿಂತ ಬೇಗ ಕೊಲ್ಲುತ್ತಿದ್ದವು. ಉಪ್ಪುನೀರಿನಿಂದ ತೊಳೆದು, ದೇಹ ತನ್ನ ಕೆಲಸ ತಾನು ಮಾಡಲು ಬಿಡಿ ಎಂದು ರೈಟ್ ತಂಡ ಹೇಳಿತು. ಹೆಚ್ಚಿನ ವೈದ್ಯರು ಕೇಳಲಿಲ್ಲ. ಕಣ್ಣೆದುರೇ ಸಾವು ನೋಡುತ್ತಾ, ಕಾರಣ ಗೊತ್ತಿದ್ದೂ ಮಾತು ನಡೆಯದಿರುವುದು ಎಂಥ ಸಂಕಟ ಎಂದು ಓದುವಾಗ ಅನ್ನಿಸಿತು.

ಇದೇ ಯುದ್ಧ ನಮ್ಮೂರಿಗೊಂದು ಸೋಪು ಕೊಟ್ಟಿದೆ. ಯೂರೋಪಿಗೆ ಹೋಗಬೇಕಿದ್ದ ಮೈಸೂರಿನ ಶ್ರೀಗಂಧ ಯುದ್ಧದಿಂದ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಬಂತು, ಬೆಂಗಳೂರಿನಲ್ಲಿ ಸರ್ಕಾರಿ ಸೋಪ್ ಕಾರ್ಖಾನೆ ಹುಟ್ಟಿತು. ಇಂಗ್ಲೆಂಡಿನಲ್ಲಿ ಸೋಪಿನ ವಿದ್ಯೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಜನರ ಬಾಯಲ್ಲಿ ಸೋಪ್ ಶಾಸ್ತ್ರಿಯಾದರು. ನಮ್ಮಜ್ಜಿಗೆ ಈಗಲೂ ಗಂಧದ ಸೋಪೇ ಬೇಕು.

ಯುದ್ಧ ಮುಗಿಸಿ ಬಂದ ಫ್ಲೆಮಿಂಗ್, ದೇಹಕ್ಕೆ ತೊಂದರೆ ಮಾಡದೆ ಬ್ಯಾಕ್ಟೀರಿಯಾ ಕೊಲ್ಲುವ ವಸ್ತುವಿನ ಹಿಂದೆ ಬಿದ್ದರು. 1921ರಲ್ಲಿ ನೆಗಡಿಯಾದಾಗ ತಮ್ಮ ಸಿಂಬಳವನ್ನೇ ಪರೀಕ್ಷೆಗೆ ಹಾಕಿದರು. ಅದು ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಕರಗಿಸಿಬಿಟ್ಟಿತು. ಕಣ್ಣಿಗೆ ನಿಂಬೆರಸ ಹಿಂಡಿಸಿ ಕಣ್ಣೀರು ಕೂಡಿಸಿದರು. ಅದರಲ್ಲೂ, ಜೊಲ್ಲಿನಲ್ಲೂ, ಮೊಟ್ಟೆಯ ಬಿಳಿಯಲ್ಲೂ ಅದೇ ವಸ್ತುವಿತ್ತು. ಅದೇ ಲೈಸೋಜೈಮ್, ದೇಹ ತಾನೇ ತಯಾರಿಸಿಕೊಳ್ಳುವ ಕ್ರಿಮಿನಾಶಕ. ದೊಡ್ಡ ರೋಗಾಣುಗಳ ಮೇಲೆ ಅದರ ಆಟ ಅಷ್ಟು ನಡೆಯದ ಕಾರಣ ಆಗ ಅದನ್ನು ಹೆಚ್ಚು ಜನ ಲೆಕ್ಕಕ್ಕಿಡಲಿಲ್ಲ.

1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದಾಗ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿತ್ತು, ಅದರ ಸುತ್ತ ಬ್ಯಾಕ್ಟೀರಿಯಾ ಸತ್ತಿತ್ತು. ಈ ಕಥೆ ನಮಗೆಲ್ಲ ಗೊತ್ತು. ಆದರೆ ಬೊಲೋನ್ ಮರೆಯದ ಫ್ಲೆಮಿಂಗ್, ಪೆನ್ಸಿಲಿನ್ ಬಿಳಿ ರಕ್ತಕಣಗಳಿಗೆ ತೊಂದರೆ ಮಾಡುತ್ತದೆಯೇ ಎಂದೂ ಪರೀಕ್ಷಿಸಿದರು. ಮಾಡಲಿಲ್ಲ. ಅದನ್ನು ಶುದ್ಧಗೊಳಿಸಲು ಅವರಿಂದಾಗಲಿಲ್ಲ. ಹತ್ತು ವರ್ಷದ ಮೇಲೆ ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಂತು. ಪೆನ್ಸಿಲಿನ್ ಅರೆಬರೆ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ನೊಬೆಲ್ ಭಾಷಣದಲ್ಲೇ ಫ್ಲೆಮಿಂಗ್ ಎಚ್ಚರಿಸಿದರು. 1955ರ ಮಾರ್ಚ್ 11ರಂದು ತೀರಿಕೊಂಡರು.

ಈಗ ನನ್ನ ಮುಖಕ್ಕೆ ಬರೋಣ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಪಿಎಚ್ ಸುಮಾರು 5. ಸೋಪು ಗಂಧದ್ದಾಗಲಿ, ಗುಲಾಬಿಯದ್ದಾಗಲಿ ಕ್ಷಾರವೇ. ಪಿಎಚ್ 9ರಿಂದ 10. ಅಂತರ ನಾಲ್ಕೇ ಅಂಕ ಎನಿಸಬಹುದು, ಆದರೆ ಪಿಎಚ್ ಲಾಗ್ ಸ್ಕೇಲ್. 5ರಿಂದ 9 ಎಂದರೆ ಹತ್ತು ಸಾವಿರ ಪಟ್ಟು! ಆ ಹುಳಿ ವಾತಾವರಣದಲ್ಲಿ ಅಲ್ಲಿನ ಖಾಯಂ ನಿವಾಸಿ ಬ್ಯಾಕ್ಟೀರಿಯಾಗಳು ನೆಮ್ಮದಿಯಾಗಿದ್ದು, ಹೊರಗಿನ ಕೆಟ್ಟವಕ್ಕೆ ಜಾಗ ಕೊಡುವುದಿಲ್ಲ. ಜೀವಕೋಶಗಳ ನಡುವಿನ ಜಿಡ್ಡು ಗೋಡೆಯ ಗಾರೆಯಂತೆ. ಪದೇಪದೇ ತೊಳೆದರೆ ಗಾರೆ ಕರಗಿ ಗೋಡೆ ಬಿರುಕು ಬಿಡುತ್ತದೆ. ಒಮ್ಮೆ ತೊಳೆದರೆ ಚರ್ಮ ಕೆಲವು ಗಂಟೆಗಳಲ್ಲಿ ಸುಧಾರಿಸಿಕೊಳ್ಳುತ್ತದೆ, ನಾನು ಅದಕ್ಕೆ ಆ ಪುರುಸೊತ್ತೇ ಕೊಟ್ಟಿರಲಿಲ್ಲ. ಇನ್ನು ಮೊಡವೆ ಹುಟ್ಟುವುದು ರಂಧ್ರದ ಒಳಗೆ. ಮೇಲಿನ ನೊರೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಫ್ಲೆಮಿಂಗರ ಗಾಜಿನ ಕೊಳವೆಯ ಕಥೆಯೇ ನನ್ನ ಕೆನ್ನೆಯ ಮೇಲೆ ನಡೆದಿತ್ತು.

ಹಾಗಂತ ಸೋಪೇ ಬೇಡ ಎಂದುಕೊಳ್ಳಬೇಡಿ. ಊಟಕ್ಕೆ ಮುಂಚೆ, ಶೌಚದ ನಂತರ ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು. ಆದರೆ ಅದಕ್ಕೆ ವಿಶೇಷ ಕ್ರಿಮಿನಾಶಕ ಬೇಕಿಲ್ಲ. ಸಾಧಾರಣ ಸೋಪು, ನೀರಿಗಿಂತ ಹೆಚ್ಚಿನ ಲಾಭ ಸಾಬೀತಾಗಲಿಲ್ಲವೆಂದು 2016ರಲ್ಲಿ ಅಮೆರಿಕದ ಎಫ್‌ಡಿಎ, ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಜನಬಳಕೆಯ ಕ್ರಿಮಿನಾಶಕ ಸೋಪುಗಳಿಂದ ಕೈಬಿಡಿಸಿತು.

ಈಗ ದಿನಕ್ಕೆ ಎರಡೇ ಸಲ, ಡಾಕ್ಟರು ಹೇಳಿದ ಸೌಮ್ಯವಾದದ್ದರಲ್ಲಿ ಮುಖ ತೊಳೆಯುತ್ತೇನೆ, ರಾತ್ರಿ ಮುಲಾಮು ಹಚ್ಚುತ್ತೇನೆ. ಉರಿ ಹೋಗಿದೆ, ಮೊಡವೆ ನಿಧಾನಕ್ಕೆ ಇಳಿಯುತ್ತಿದೆ. ಮೊನ್ನೆ ಮೊದಲ ಇಂಟರ್‌ವ್ಯೂ ಆಯಿತು. ನನ್ನ ಕೆನ್ನೆಯ ಬಗ್ಗೆ ಯಾರೂ ಕೇಳಲಿಲ್ಲ, ಲಿಂಕ್ಡ್ ಲಿಸ್ಟ್ ಬಗ್ಗೆ ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ, ಕೆಲಸವೂ ಸಿಗಲಿಲ್ಲ. ಕನ್ನಡಿ ಮುಂದೆ ಕಳೆದ ಹೊತ್ತು ಅಲ್ಲಿ ನೆನಪಾಯಿತು. ಮುಂದಿನ ಕಂಪನಿ ಬರುವುದಕ್ಕೆ ಮೂರು ವಾರವಿದೆ. ಓದಲು ಕೂತಿದ್ದೇನೆ.