ಕಿರೀಟವನ್ನು ಒಲ್ಲೆನೆಂದವನು

ವಂಶಪಾರಂಪರ್ಯವಾಗಿ ಬಂದ ಅರಸೊತ್ತಿಗೆಯನ್ನು ಒಂದು ದೇಶ ಉಳಿಸಿಕೊಳ್ಳಬೇಕೆ, ತೊಲಗಿಸಬೇಕೆ? ಚರ್ಚಾಕೂಟಗಳಲ್ಲಿ ಈ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಒಳ್ಳೆಯ ಅರಸರನ್ನು ಒಂದು ತಟ್ಟೆಯಲ್ಲಿಯೂ ಕೆಟ್ಟ ಅರಸರನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಿನೋಡುತ್ತೇವೆ. ನನಗಾದರೋ ಆಗ ನೆನಪಿಗೆ ಬರುವವನು ಅರಸನಲ್ಲ. ಅರಸೊತ್ತಿಗೆಯನ್ನು ಕಿತ್ತೊಗೆದು, ತನಗೆ ಬಂದ ಕಿರೀಟವನ್ನೂ ನಿರಾಕರಿಸಿ, ಕಡೆಗೆ ತನ್ನ ಪದವಿಯನ್ನು ಮಗನಿಗೇ ಬಿಟ್ಟುಹೋದ ಇಂಗ್ಲೆಂಡಿನ ಆಲಿವರ್ ಕ್ರಾಮ್‌ವೆಲ್.

ಆತ ಹುಟ್ಟಿದ್ದು ೧೫೯೯ರ ಏಪ್ರಿಲ್ ೨೫ರಂದು, ಹಂಟಿಂಗ್‌ಡನ್ ಎಂಬ ಸಣ್ಣ ಪಟ್ಟಣದಲ್ಲಿ. ಅತಿ ಶ್ರೀಮಂತರ ಮನೆಯಲ್ಲ. ಹೊಲಮನೆಗಳಿದ್ದ ಮರ್ಯಾದಸ್ಥರ ಕುಟುಂಬ. ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಸೇರಿ ವರ್ಷ ಕಳೆಯುವಷ್ಟರಲ್ಲಿ ತಂದೆ ತೀರಿಕೊಂಡುದರಿಂದ ಓದು ಅಲ್ಲಿಗೇ ನಿಂತಿತು. ಸಂಸಾರದ ಹೊಣೆ ಹೆಗಲಿಗೇರಿತು. ೧೬೨೮ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದರೂ ನಲವತ್ತು ವರ್ಷ ದಾಟುವವರೆಗೆ ಆತ ದೇಶದಲ್ಲಿ ಹೆಸರುವಾಸಿಯಾಗಿರಲಿಲ್ಲ.

ಆಗ ಸಿಂಹಾಸನದಲ್ಲಿದ್ದವನು ಒಂದನೆಯ ಚಾರ್ಲ್ಸ್. ತಾನು ದೇವರಿಗಲ್ಲದೆ ಮತ್ತಾರಿಗೂ ಉತ್ತರ ಹೇಳಬೇಕಾದವನಲ್ಲ ಎಂಬುದು ಅವನ ದೃಢವಾದ ನಂಬಿಕೆ. ೧೬೨೯ರಿಂದ ಹನ್ನೊಂದು ವರ್ಷ ಅವನು ಪಾರ್ಲಿಮೆಂಟನ್ನು ಕರೆಯಲೇ ಇಲ್ಲ. ಅದರ ಒಪ್ಪಿಗೆಯಿಲ್ಲದೆಯೇ ತೆರಿಗೆ ಎತ್ತಿದ. ೧೬೪೨ರಲ್ಲಿ ಇಬ್ಬರಿಗೂ ಯುದ್ಧ ಹತ್ತಿಕೊಂಡಿತು. ಅದುವರೆಗೆ ರಣರಂಗವನ್ನೇ ಕಂಡರಿಯದ ಕ್ರಾಮ್‌ವೆಲ್ ಒಂದು ಕುದುರೆ ಪಡೆಯನ್ನು ಕಟ್ಟಿದ. ಕುಲೀನನೋ ಅಲ್ಲವೋ ಎಂದು ನೋಡದೆ, ನಿಷ್ಠೆಯನ್ನೂ ಶಿಸ್ತನ್ನೂ ನೋಡಿ ಆಳುಗಳನ್ನು ಆರಿಸಿದ. ೧೬೪೪ರಲ್ಲಿ ಮಾರ್‌ಸ್ಟನ್ ಮೂರ್, ೧೬೪೫ರಲ್ಲಿ ನೇಸ್‌ಬಿ ಕದನಗಳಲ್ಲಿ ಅರಸನ ಸೈನ್ಯ ಮುರಿಯಿತು. ಹುಟ್ಟಿಗಿಂತ ಯೋಗ್ಯತೆ ದೊಡ್ಡದೆಂಬ ತತ್ತ್ವ ಗ್ರಂಥದಲ್ಲಿ ಅಲ್ಲ, ರಣಭೂಮಿಯಲ್ಲಿ ಸಿದ್ಧವಾಯಿತು ಎನ್ನಬಹುದು.

೧೬೪೯ರ ಜನವರಿ ೩೦ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯ ಮುಂದೆ ಚಾರ್ಲ್ಸನ ಶಿರಚ್ಛೇದವಾಯಿತು. ಆ ಮರಣದಾಜ್ಞೆಗೆ ೫೯ ಮಂದಿ ರುಜು ಹಾಕಿದ್ದರು, ಕ್ರಾಮ್‌ವೆಲ್ಲನದು ಮೂರನೆಯದು. ಮಾರ್ಚಿಯಲ್ಲಿ ಪಾರ್ಲಿಮೆಂಟು ಅರಸೊತ್ತಿಗೆಯನ್ನೇ ರದ್ದುಮಾಡಿತು.

ಇಲ್ಲಿಯವರೆಗಿನದು ಸಾಹಸದ ಕಥೆ. ಮುಂದಿನದು ನಾವು ನಿಧಾನವಾಗಿ ಯೋಚಿಸಬೇಕಾದ ಕಥೆ. ಅದೇ ವರ್ಷ ಐರ್ಲೆಂಡಿಗೆ ದಂಡೆತ್ತಿ ಹೋದ ಅವನ ಸೈನ್ಯ ಡ್ರೋಗೆಡಾ, ವೆಕ್ಸ್‌ಫರ್ಡ್ ಪಟ್ಟಣಗಳಲ್ಲಿ ನಡೆಸಿದ ಕೊಲೆ ಐರಿಷ್ ಜನರ ಮನಸ್ಸಿನಿಂದ ಮಾಸಲಿಲ್ಲ. ೧೬೫೩ರ ಏಪ್ರಿಲಿನಲ್ಲಿ ಆತ ಸಿಪಾಯಿಗಳೊಡನೆ ನುಗ್ಗಿ ಪಾರ್ಲಿಮೆಂಟನ್ನೇ ಚದುರಿಸಿದ. ಚಾರ್ಲ್ಸ್ ಮಾಡಿದುದಕ್ಕೂ ಇದಕ್ಕೂ ಎಷ್ಟು ಅಂತರ? ಡಿಸೆಂಬರಿನಲ್ಲಿ ಆತ 'ಲಾರ್ಡ್ ಪ್ರೊಟೆಕ್ಟರ್' ಆದ. ಅರಸರ ಅರಮನೆಗಳು ಅವನ ವಾಸಸ್ಥಾನವಾದವು. ೧೬೫೫ರಲ್ಲಿ ದೇಶವನ್ನು ಭಾಗಮಾಡಿ ಸೇನಾಧಿಕಾರಿಗಳ ಕೈಗೆ ಒಪ್ಪಿಸಿದ.

೧೬೫೭ರಲ್ಲಿ ಪಾರ್ಲಿಮೆಂಟು ಅವನಿಗೆ ಕಿರೀಟವನ್ನೇ ನೀಡಮುಂದಾಯಿತು. ಇದು ಬರಿಯ ಮುಖಸ್ತುತಿಯಲ್ಲ. ಅರಸನ ಅಧಿಕಾರ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬುದು ಹಳೆಯ ಕಾನೂನಿಗೆ ಗೊತ್ತು. 'ಪ್ರೊಟೆಕ್ಟರ'ನ ಅಧಿಕಾರಕ್ಕೆ ಅಂಥ ಎಲ್ಲೆಕಟ್ಟಿಲ್ಲ. ಆದುದರಿಂದ ಆತ ಅರಸನಾದರೆ ಕಾನೂನಿನ ಹಿಡಿತಕ್ಕೆ ಸಿಕ್ಕಾನು ಎಂಬುದು ವಕೀಲರ ವಾದ. ಸೇನಾಧಿಕಾರಿಗಳಾದರೋ ಅರಸೆಂಬ ಹೆಸರನ್ನೇ ಸಹಿಸರು. ಹಲವು ವಾರಗಳ ತೊಳಲಾಟದ ನಂತರ ಮೇ ೮ರಂದು ಆತ ಒಲ್ಲೆನೆಂದ. ಆದರೇನು? ಜೂನ್ ೨೬ರಂದು ಪಟ್ಟಾಭಿಷೇಕದ ಹಳೆಯ ಪೀಠವನ್ನೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣಕ್ಕೆ ತರಿಸಿ, ನೇರಳೆ ನಿಲುವಂಗಿ ತೊಟ್ಟು, ರಾಜದಂಡ ಹಿಡಿದು ಅದರ ಮೇಲೆ ಕುಳಿತ. ಕಿರೀಟವೊಂದು ಇರಲಿಲ್ಲ, ಅಷ್ಟೇ. ತನ್ನ ಉತ್ತರಾಧಿಕಾರಿಯನ್ನು ತಾನೇ ಹೆಸರಿಸುವ ಹಕ್ಕೂ ಅವನಿಗೆ ದೊರೆತಿತ್ತು.

೧೬೫೮ರ ಸೆಪ್ಟೆಂಬರ್ ೩ರಂದು ಆತ ತೀರಿಕೊಂಡಾಗ ಆ ಪದವಿಗೆ ಬಂದವನು ಮಗ ರಿಚರ್ಡ್. ಬದುಕಿದ್ದಾಗ ಬೇಡವೆಂದ ಕಿರೀಟವನ್ನು ಸತ್ತಮೇಲೆ ಅವನ ಬೊಂಬೆಯ ತಲೆಗೆ ಇಟ್ಟು ಪ್ರದರ್ಶಿಸಿದರು. ತಂದೆಯ ಕತ್ತಿಯಾಗಲಿ ಸೈನ್ಯದ ವಿಶ್ವಾಸವಾಗಲಿ ಇಲ್ಲದ ರಿಚರ್ಡ್ ವರ್ಷ ತುಂಬುವ ಮೊದಲೇ, ೧೬೫೯ರ ಮೇ ತಿಂಗಳಲ್ಲಿ, ಪದವಿ ಬಿಟ್ಟ. ಮರುವರ್ಷ ಎರಡನೆಯ ಚಾರ್ಲ್ಸ್ ಹಿಂದಿರುಗಿದಾಗ ಅದೇ ಲಂಡನ್ ಜಯಘೋಷ ಮಾಡಿತು. ೧೬೬೧ರ ಜನವರಿ ೩೦ರಂದು ಕ್ರಾಮ್‌ವೆಲ್ಲನ ಶವವನ್ನು ಗಲ್ಲಿಗೆ ತೂಗಿ ತಲೆಯನ್ನು ಕಂಬಕ್ಕೆ ಸಿಕ್ಕಿಸಿದರು. ಆ ತಲೆಬುರುಡೆಗೆ ಮಣ್ಣು ದೊರೆತದ್ದು ೧೯೬೦ರಲ್ಲಿ, ಆತ ಓದು ಬಿಟ್ಟುಬಂದ ಅದೇ ಕಾಲೇಜಿನಲ್ಲಿ.

ಹಾಗಾದರೆ ಅರಸೊತ್ತಿಗೆಯೇ ಲೇಸೆ? ನಾನು ಹಾಗೆನ್ನಲಾರೆ. ಹುಟ್ಟಿದ ಮನೆಯೊಂದರಿಂದಲೇ ಒಬ್ಬ ಮನುಷ್ಯ ಉಳಿದವರ ಒಡೆಯನಾಗುವುದು ನ್ಯಾಯಕ್ಕೆ ಒಪ್ಪುವ ಮಾತಲ್ಲ. ೧೯೫೦ರ ಜನವರಿ ೨೬ರಿಂದ ಗಣರಾಜ್ಯವಾದ ನಮಗೆ ಅದನ್ನು ವಾದಿಸಿ ತೋರಿಸಬೇಕಾಗಿಲ್ಲ. ಇಂಗ್ಲೆಂಡು ಬೇರೆ ದಾರಿ ಹಿಡಿಯಿತು. ೧೬೮೯ರ ಹಕ್ಕುಗಳ ಶಾಸನದಿಂದ ಮೊದಲುಗೊಂಡು ಅರಸನ ಅಧಿಕಾರವನ್ನು ಒಂದೊಂದಾಗಿ ಕಳಚುತ್ತ, ಪೀಠವನ್ನು ಮಾತ್ರ ಮನೆತನಕ್ಕೆ ಬಿಟ್ಟಿತು. ೨೦೨೩ರಲ್ಲಿ ಮೂರನೆಯ ಚಾರ್ಲ್ಸ್ ಕಿರೀಟ ಧರಿಸಿದ್ದು ಕ್ರಾಮ್‌ವೆಲ್ ಕುಳಿತಿದ್ದ ಆ ಪೀಠದಲ್ಲಿಯೇ.

ಕ್ರಾಮ್‌ವೆಲ್ ಕಪಟಿಯಾಗಿದ್ದನೆಂದು ನನಗೆ ತೋರುವುದಿಲ್ಲ. ಅರಸನನ್ನು ತೆಗೆಯುವುದು ಹೇಗೆಂದು ಅವನು ಬಲ್ಲ. ತನ್ನನ್ನು ತೆಗೆಯುವುದು ಹೇಗೆಂದು ದೇಶಕ್ಕೆ ಕಲಿಸಲಿಲ್ಲ. ಆಳುವವನು ರಕ್ತಪಾತವಿಲ್ಲದೆ ಇಳಿಯುವ, ಅವನ ಮಗನೂ ಮಿಕ್ಕವರಂತೆ ಸಾಲಿನಲ್ಲಿ ನಿಲ್ಲುವ ಏರ್ಪಾಡು ಇಲ್ಲದ ಕಡೆ ಅರಸೊತ್ತಿಗೆ ಹೋಗಿದೆಯೆಂದು ನಾವು ಹಿಗ್ಗುವಂತಿಲ್ಲ. ಅದು ಹೆಸರು ಬದಲಿಸಿಕೊಂಡು ಹಿತ್ತಲ ಬಾಗಿಲಿನಿಂದ ಬಂದೀತು. ಆ ಬಾಗಿಲನ್ನು ಕಾಯುವ ಕೆಲಸ ಮತ ಹಾಕುವ ವಯಸ್ಸಿಗೆ ಬಂದ ನಮ್ಮಂಥವರದು.